ಪೇಟೆಬೀದಿಯ ಹೊಸ ಅಂಗಡಿಗಳು ಮತ್ತು ಶ್ರಾವಕಧರ್ಮ

ತುಳುನಾಡಿನ ಊರುಗಳ ಹೆಸರುಗಳನ್ನು ಗಮನಿಸಿದರೆ ‘ಅಂಗಡಿ’ ಎಂಬ ಪದವು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ ಇವೆಲ್ಲವೂ ತಮ್ಮ ಹೆಸರಿನಲ್ಲಿಯೇ ವ್ಯಾಪಾರದ ನೆನಪನ್ನು ಉಳಿಸಿಕೊಂಡಿರುವ ಊರುಗಳು. ಇಂತಹ ನಾಡಿನಲ್ಲಿ ಅಂಗಡಿಯನ್ನು ಊರಿನ ಶತ್ರುವೆಂದು ಬಗೆಯುವುದು ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಆದರೂ ಇಂದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮುಖ್ಯ ಬೀದಿಗಳಲ್ಲಿ ಹಳೆಯ ಹಂಚಿನ ಮನೆಗಳು ಕಳಚಿ, ಆ ಜಾಗದಲ್ಲಿ ಬಹುಮಹಡಿಯ ವಾಣಿಜ್ಯ ಕಟ್ಟಡಗಳು ಏಳುತ್ತಿರುವಾಗ, “ನಮ್ಮ ಬೀದಿಗೆ ಇಂತಹ ಅಂಗಡಿ ಬೇಡ” ಎಂಬ ಮಾತು ಮನೆಗಳಲ್ಲಿಯೂ ಬಸದಿಯ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಈ ಆಕ್ಷೇಪಗಳಲ್ಲಿ ಧರ್ಮಕ್ಕೆ ಸಮ್ಮತವಾದುದು ಯಾವುದು, ಕೇವಲ ಅಭಿಮಾನದಿಂದ ಹುಟ್ಟಿದುದು ಯಾವುದು ಎಂಬುದನ್ನು ಚರಿತ್ರೆಯ ಬೆಳಕಿನಲ್ಲಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಮೂಡುಬಿದಿರೆಯನ್ನೇ ನೋಡೋಣ. ಇಲ್ಲಿಯ ಹದಿನೆಂಟು ಬಸದಿಗಳ ಹೆಸರುಗಳನ್ನು ಒಮ್ಮೆ ಓದಿದರೆ ಸಾಕು, ಊರನ್ನು ಕಟ್ಟಿದವರು ಯಾರೆಂಬುದು ತಿಳಿಯುತ್ತದೆ. ವಿಕ್ರಮಶೆಟ್ಟಿ ಬಸದಿ, ದೇರಮ್ಮಶೆಟ್ಟಿ ಬಸದಿ, ಚೋಳಶೆಟ್ಟಿ ಬಸದಿ, ಮಹಾದೇವಶೆಟ್ಟಿ ಬಸದಿ, ಶೆಟ್ಟರ ಬಸದಿ ಇವು ಅರಸರ ಹೆಸರುಗಳಲ್ಲ, ವರ್ತಕರ ಹೆಸರುಗಳು. ವಿಜಯನಗರ ಕಾಲದ ಕರಾವಳಿಯ ಶಾಸನಗಳಲ್ಲಿ ಹಲರು, ಸೆಟ್ಟಿಕಾರರು, ನಖರ, ಹಂಜಮಾನ ಎಂಬ ವರ್ತಕ ಸಂಘಗಳ ಉಲ್ಲೇಖಗಳು ಪದೇ ಪದೇ ಬರುತ್ತವೆ. 1430ರ ಸುಮಾರಿಗೆ ಆರಂಭಗೊಂಡು ಅನಂತರದ ದಶಕಗಳಲ್ಲಿ ವಿಸ್ತಾರಗೊಂಡ ತ್ರಿಭುವನತಿಲಕ ಚೂಡಾಮಣಿ ಬಸದಿಯು, ಅಂದರೆ ನಮ್ಮೆಲ್ಲರ ಸಾವಿರ ಕಂಬದ ಬಸದಿಯು, ಇಂತಹ ವ್ಯಾಪಾರಸಮೃದ್ಧಿಯ ಕಾಲದ ಕೃತಿ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಊರು ಇದೇ. ಶ್ರುತವನ್ನು ಕಾಯ್ದ ಊರೂ ಸರಕನ್ನು ಮಾರಿದ ಊರೂ ಬೇರೆ ಬೇರೆಯಾಗಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಪೇಟೆ ನಿಂತ ನೀರೂ ಅಲ್ಲ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಮಾರ್ಗವಾಗಿ ಕಾರ್ಕಳಕ್ಕೆ ಸಾಗಿದನು. ಆತನ ವೃತ್ತಾಂತ 1807ರಲ್ಲಿ ಅಚ್ಚಾಯಿತು. ನೇತ್ರಾವತಿಯ ದೋಣಿಗಳನ್ನು ನಂಬಿ ಬೆಳೆದ ಬಂಟ್ವಾಳ ಪೇಟೆಯು 1923ರ ಮಹಾನೆರೆಯನ್ನು ಕಂಡಿತು, 1974ರ ನೆರೆಯನ್ನೂ ಕಂಡಿತು. ನದಿಯ ಬದಲು ಹೆದ್ದಾರಿಯು ಸರಕಿನ ದಾರಿಯಾದಾಗ ವ್ಯಾಪಾರದ ಬಹುಭಾಗವು ಬಿ.ಸಿ. ರೋಡಿನ ಕಡೆಗೆ ಸರಿಯಿತು. ಮೂಡುಬಿದಿರೆಯಲ್ಲಿ ವಿದ್ಯಾಸಂಸ್ಥೆಗಳು ಬೆಳೆದಂತೆ, ದೂರದೂರುಗಳಿಂದ ಬಂದ ವಿದ್ಯಾರ್ಥಿಗಳಿಗೆ ಬೇಕಾದ ಅಂಗಡಿಗಳೂ ಭೋಜನಗೃಹಗಳೂ ಬಂದವು. ಬದಲಾವಣೆಯನ್ನೇ ತಡೆಯುತ್ತೇವೆಂದು ಹೊರಟ ಆಕ್ಷೇಪವು ಆದಕಾರಣ ನಿಲ್ಲಲಾರದು. ಯಾವ ಬದಲಾವಣೆ ಸಲ್ಲದು ಎಂಬುದನ್ನು ಕಾರಣಸಹಿತ ಹೇಳುವ ಆಕ್ಷೇಪಕ್ಕೆ ಮಾತ್ರ ಬೆಲೆಯುಂಟು.

ಈ ವಿವೇಚನೆಗೆ ನಮ್ಮ ಆಚಾರ್ಯರು ಅಳತೆಗೋಲನ್ನು ಕೊಟ್ಟಿದ್ದಾರೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೆನೆಯಿರಿ: ಕಳವಿಗೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಕಲಬೆರಕೆ ಮಾಡುವುದು. ಇವೆಲ್ಲವೂ ಅಂಗಡಿಯ ಕಟ್ಟೆಯ ಮೇಲೆ ನಡೆಯಬಹುದಾದ ದೋಷಗಳೇ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದು ಗಣಿಸುತ್ತದೆ. ಹಿಂಸೆಗೆ ಸಾಧನವಾದ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದನ್ನು ‘ಹಿಂಸಾದಾನ’ವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಹದಿನೈದು ಕರ್ಮಾದಾನಗಳೆಂದು ವರ್ಜ್ಯವಾದ ಜೀವನೋಪಾಯಗಳ ಪಟ್ಟಿಯೇ ಉಂಟು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ನಿಯಮಗಳೆಲ್ಲ ವ್ಯಾಪಾರದ ವಸ್ತುವನ್ನೂ ರೀತಿಯನ್ನೂ ಕುರಿತು ಪ್ರಶ್ನಿಸುತ್ತವೆ. ವ್ಯಾಪಾರಿಯ ಕುಲವನ್ನಾಗಲಿ, ಅವನು ಬಂದ ಊರನ್ನಾಗಲಿ ಕೇಳುವುದಿಲ್ಲ. ಅಷ್ಟೇ ಅಲ್ಲ, ಈ ಪ್ರಶ್ನೆಗಳನ್ನು ಅವು ಮೊದಲು ಕೇಳುವುದು ಶ್ರಾವಕನನ್ನೇ.

ಇನ್ನು ರಾಜ್ಯದ ಕಟ್ಟಳೆಯ ಮಾತು. ಬಸದಿಯ ಸಮೀಪದಲ್ಲಿ ಮದ್ಯದಂಗಡಿ ತೆರೆಯುವುದಕ್ಕೆ ಆಕ್ಷೇಪಿಸುವವರು ಕೇವಲ ಭಾವನೆಯನ್ನು ಅವಲಂಬಿಸಬೇಕಾಗಿಲ್ಲ. 1967ರ ಕರ್ನಾಟಕ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು ಧಾರ್ಮಿಕ ಸಂಸ್ಥೆ, ವಿದ್ಯಾಸಂಸ್ಥೆ, ಆಸ್ಪತ್ರೆ ಮೊದಲಾದವುಗಳಿಂದ 100 ಮೀಟರ್ ಅಂತರವನ್ನು ವಿಧಿಸಿವೆ. 2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದೆಂದು ತೀರ್ಪಿತ್ತಿತು. 2017ರ ಮಾರ್ಚ್ ಕೊನೆಯಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಆ ಅಂತರವನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷ ನಗರ ಪುರಸಭೆಗಳ ವ್ಯಾಪ್ತಿಗೆ ಮತ್ತಷ್ಟು ಸಡಿಲಿಕೆ ದೊರೆಯಿತು. ಈ ನಡುವೆ ಹೆದ್ದಾರಿಯ ಬದಿಯಿಂದ ಎದ್ದ ಅಂಗಡಿಗಳು ಒಳಬೀದಿಗಳತ್ತ, ವಸತಿ ಪ್ರದೇಶಗಳತ್ತ ಮುಖಮಾಡಿದಾಗ ನಾಡಿನ ಅನೇಕ ಕಡೆಗಳಲ್ಲಿ ನಿವಾಸಿಗಳು, ವಿಶೇಷವಾಗಿ ಮಹಿಳೆಯರು, ಬೀದಿಗಿಳಿದು ವಿರೋಧಿಸಿದರು. ಒಂದು ಕಡೆಯ ಕೇಡನ್ನು ಮತ್ತೊಂದು ಕಡೆಗೆ ದೂಡಿದರೆ ಅದು ಕಡಿಮೆಯಾಗುವುದಿಲ್ಲ ಎಂಬ ಸತ್ಯವು ಆಗ ಎಲ್ಲರಿಗೂ ಮನವರಿಕೆಯಾಯಿತು.

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಪೇಟೆಯಲ್ಲಿ, ಬಸದಿಗೆ ಹೋಗುವ ದಾರಿಯ ಬದಿಯಲ್ಲಿ, ಮದ್ಯದಂಗಡಿಯೊಂದು ಬರಲಿದೆಯೆಂಬ ಸುದ್ದಿ ಹಬ್ಬಿತು. ಆಕ್ಷೇಪಪತ್ರ ಸಿದ್ಧವಾಯಿತು. ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕಟ್ಟಡದ ಒಡೆಯರು ಯಾರೆಂದು ವಿಚಾರಿಸಿದಾಗ ಅವರು ನಮ್ಮ ಸಮಾಜದವರೇ ಎಂದು ತಿಳಿಯಿತು. ಹಿರಿಯರೊಂದಿಗೆ ಅವರ ಮನೆಗೆ ಹೋದೆವು. ಅವರು ಕೋಪಿಸಿಕೊಳ್ಳಲಿಲ್ಲ. “ಮೂರು ವರ್ಷ ಆ ಕೋಣೆಗಳು ಖಾಲಿ ಬಿದ್ದಿದ್ದವು. ಬ್ಯಾಂಕಿನ ಕಂತು ನಿಲ್ಲಲಿಲ್ಲ. ಆಗ ನಿಮ್ಮಲ್ಲಿ ಯಾರೂ ಬಂದು ಕೇಳಲಿಲ್ಲವಲ್ಲ” ಎಂದಷ್ಟೇ ಹೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಇಬ್ಬರು ಓಡಾಡಿ ಬೇರೊಬ್ಬ ಬಾಡಿಗೆದಾರರನ್ನು ಹುಡುಕಿಕೊಟ್ಟರು. ಬಾಡಿಗೆ ಮಾತ್ರ ಬಹಳ ಕಡಿಮೆಯಾಯಿತು. ಆ ನಷ್ಟವನ್ನು ಹೊತ್ತವರು ಅವರೊಬ್ಬರೇ. ಸಹಿ ಹಾಕಿದ ನಮಗೆ ಶಾಯಿಯ ಹೊರತು ಬೇರೇನೂ ಖರ್ಚಾಗಲಿಲ್ಲ. ಈ ಮಾತು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತಿದೆ.

ಈ ಸಂದರ್ಭದಲ್ಲಿ 1368ರ ಬುಕ್ಕರಾಯನ ಶಾಸನವು ನೆನಪಾಗುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡಾಗ, ಆತನು ಜೈನದರ್ಶನಕ್ಕೂ ವೈಷ್ಣವದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕನ್ನು ಜೈನರಿಗೆ ಎತ್ತಿಹಿಡಿದ ಸಂಗತಿ ಸರ್ವವಿದಿತವಾಗಿದೆ. ಆದರೆ ಅದೇ ಶಾಸನದ ಇನ್ನೊಂದು ಭಾಗವನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ಬೆಳ್ಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವುದಕ್ಕೂ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದಕ್ಕೂ ಜೈನರು ಮನೆಮನೆಗೆ ವರ್ಷಕ್ಕೊಂದು ಹಣವನ್ನು ಕೊಡಬೇಕೆಂದು ಅಲ್ಲಿ ಗೊತ್ತುಮಾಡಲಾಗಿತ್ತು. ಹಕ್ಕಿನ ಬೇಡಿಕೆಯ ಜೊತೆಯಲ್ಲಿಯೇ ಹೊಣೆಯ ಪಾಲೂ ಮನೆಬಾಗಿಲಿಗೆ ಬಂದಿತು. ನಾವು ಇಂದು ಬರೆಯುವ ಆಕ್ಷೇಪಪತ್ರಗಳಲ್ಲಿ ಮೊದಲನೆಯದು ಇದೆ, ಎರಡನೆಯದು ಇಲ್ಲ.

ಅಭಿಮಾನದಿಂದ ಹುಟ್ಟುವ ಆಕ್ಷೇಪಕ್ಕೂ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. 1604ರಲ್ಲಿ ತಿಮ್ಮಣ್ಣಾಜಿಲನು ವೇಣೂರಿನಲ್ಲಿ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ತನ್ನ ಊರಿನ ಗೊಮ್ಮಟನ ಕೀರ್ತಿಗೆ ಕುಂದುಂಟಾದೀತೆಂದು ಕಾರ್ಕಳದ ಅರಸನು ಅದನ್ನು ವಿರೋಧಿಸಿದನೆಂದೂ, ಅಜಿಲನು ಮೂರ್ತಿಯನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂಳಿಸಿ ಕಾಪಾಡಿದನೆಂದೂ ಐತಿಹ್ಯ ಹೇಳುತ್ತದೆ. ಸರ್ವಸ್ವವನ್ನೂ ತ್ಯಜಿಸಿ ನಿಂತ ಬಾಹುಬಲಿಯ ವಿಷಯದಲ್ಲಿಯೇ ನೆರೆಯವರ ಮಾತ್ಸರ್ಯ ತಲೆದೋರಿತೆಂದು ಜನ ಹೇಳಿಕೊಂಡು ಬಂದಿರುವಾಗ, ಅಂಗಡಿಗಳ ವಿಷಯದಲ್ಲಿ ಅದು ತಲೆದೋರದೆಂದು ಹೇಗೆ ಹೇಳೋಣ? ಹೊಸ ಜವಳಿ ಅಂಗಡಿ ಬಂದರೆ ಬೀದಿಯ ಗೌರವ ಕೆಡುತ್ತದೆಂದು ಹೇಳುವವರು ಹಳೆಯ ಜವಳಿ ಅಂಗಡಿಯ ಒಡೆಯರೇ ಆಗಿದ್ದರೆ, ಆ ಆಕ್ಷೇಪವನ್ನು ಅಷ್ಟರಮಟ್ಟಿಗೇ ತೂಗಬೇಕು.

ಇದಕ್ಕಿಂತಲೂ ಗಂಭೀರವಾದುದು ವ್ಯಾಪಾರಿಯ ಮತವನ್ನು ನೋಡಿ ಮಾಡುವ ವಿರೋಧ. 2022ರ ಮಾರ್ಚ್ ತಿಂಗಳಿನಲ್ಲಿ ಕಾಪು, ಮೂಲ್ಕಿ ಮೊದಲಾದ ಕಡೆಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಮಾತು ಎದ್ದಿತು. ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಹೆಸರು ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕನಿಂದ ಬಂದಿತೆಂಬ ಐತಿಹ್ಯವನ್ನು ಬಲ್ಲವರಿಗೆ ಇದು ಎಂತಹ ವಿಪರ್ಯಾಸವೆಂಬುದನ್ನು ವಿವರಿಸಬೇಕಾಗಿಲ್ಲ. ಬಳೆ, ಹೂವು, ಕಡಲೆ ಮಾರಿ ಬದುಕುವವನ ಅನ್ನವನ್ನು ಅವನ ಹೆಸರಿನ ಕಾರಣಕ್ಕೆ ಕಸಿದುಕೊಳ್ಳುವುದು ಹಿಂಸೆಯಲ್ಲದೆ ಮತ್ತೇನು? 1368ರಲ್ಲಿ ಅರಸನ ಮುಂದೆ ಕೈಮುಗಿದು ನ್ಯಾಯ ಬೇಡಿದವರ ವಂಶಜರು ನಾವು. 2014ರಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಮಾನ್ಯತೆ ಪಡೆದವರೂ ನಾವು. ಬಸದಿಯ ಬೀದಿಯಲ್ಲಿ ಇಂತಹ ಫಲಕಕ್ಕೆ ಎಂದಿಗೂ ಸ್ಥಳವಿರಬಾರದು. ಬೀದಿಬದಿಯ ಗಾಡಿಗಳ ವಿಷಯದಲ್ಲಿಯೂ ಇದೇ ಮಾತು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ರಚಿಸುವ ಸಮಿತಿಗಳಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಆಕ್ಷೇಪಕ್ಕೆ ಒಳಗಾದವನ ಮಾತನ್ನೂ ಕೇಳಿ ನಿರ್ಧರಿಸುವ ಈ ಕ್ರಮವು ಅನೇಕಾಂತದೃಷ್ಟಿಗೆ ಹತ್ತಿರವಾಗಿದೆ.

ಹಾಗಾದರೆ ಸಾರ್ಥಕವಾದ ವಿರೋಧದ ಮಾದರಿ ಇಲ್ಲವೇ? ಇದೆ. 1990ರ ದಶಕದ ಆರಂಭದಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಮೊದಲ್ಗೊಂಡ ಜನಜಾಗೃತಿ ಕಾರ್ಯವು ಅಂಗಡಿಯ ಬಾಗಿಲಿನಲ್ಲಿ ಘೋಷಣೆ ಕೂಗುವುದಕ್ಕಷ್ಟೇ ಸೀಮಿತವಾಗಲಿಲ್ಲ. ಮದ್ಯವರ್ಜನ ಶಿಬಿರಗಳನ್ನು ನಡೆಸಿ ಕುಡಿತಕ್ಕೆ ಬಲಿಯಾದವನನ್ನೂ ಅವನ ಮನೆಯವರನ್ನೂ ಕೈಹಿಡಿದು ನಡೆಸಿತು. ಕೊಳ್ಳುವ ಕೈ ಹಿಂದೆ ಸರಿಯುವಂತೆ ಮಾಡಲು ಸಮಯವನ್ನೂ ಹಣವನ್ನೂ ಶ್ರಮವನ್ನೂ ವ್ಯಯಿಸಿದ ವಿರೋಧವದು.

ಇದೇ ಹಾದಿಯಲ್ಲಿ ನಮ್ಮ ಬಸದಿಗಳ ಮೊಕ್ತೇಸರರೂ ವಿಶ್ವಸ್ತ ಮಂಡಳಿಗಳೂ ಮಾಡಬಹುದಾದ ಕೆಲವು ಕಾರ್ಯಗಳಿವೆ. ಬಸದಿಗೆ ಸೇರಿದ ಅಂಗಡಿ ಕೋಣೆಗಳಿದ್ದಲ್ಲಿ, ಅವುಗಳ ಬಾಡಿಗೆ ಕರಾರಿನಲ್ಲಿ ಮದ್ಯ, ಮಾಂಸ, ತಂಬಾಕುಗಳ ಮಾರಾಟ ಕೂಡದೆಂದೂ, ಒಳಬಾಡಿಗೆಗೆ ಕೊಡಕೂಡದೆಂದೂ ಸ್ಪಷ್ಟವಾಗಿ ಬರೆಯಿಸಬೇಕು. ಹೆಚ್ಚು ಬಾಡಿಗೆ ಕೊಡುವವನಿಗೇ ಕೋಣೆ ಎಂಬ ಪದ್ಧತಿಯನ್ನು ಬಿಡಬೇಕು. ಬೀದಿಯಲ್ಲಿ ಖಾಲಿ ಬಿದ್ದಿರುವ ನಮ್ಮವರ ಕೋಣೆಗಳ ಪಟ್ಟಿಯನ್ನಿಟ್ಟುಕೊಂಡು ಯೋಗ್ಯ ಬಾಡಿಗೆದಾರರನ್ನು ಹುಡುಕಿಕೊಡಬೇಕು. ಧರ್ಮದ ಕಾರಣದಿಂದ ಹೆಚ್ಚಿನ ಬಾಡಿಗೆಯನ್ನು ಬಿಟ್ಟುಕೊಟ್ಟ ಕುಟುಂಬದ ಕೊರತೆಯಲ್ಲಿ ಒಂದಂಶವನ್ನಾದರೂ, ಮನೆಗೊಂದು ಹಣದ ಆ ಹಳೆಯ ಕ್ರಮದಂತೆ, ಸಮಾಜವು ಹಂಚಿಕೊಳ್ಳಬೇಕು. ಹೊಸ ಅಂಗಡಿಗೆ ಆಕ್ಷೇಪಿಸುವುದಾದರೆ ಪುರಸಭೆಯು ಉದ್ದಿಮೆ ಪರವಾನಿಗೆ ಕೊಡುವ ಮೊದಲೇ, ನಿಯಮವನ್ನು ಉಲ್ಲೇಖಿಸಿ, ಲಿಖಿತವಾಗಿ ಆಕ್ಷೇಪಿಸಬೇಕು. ಬಂಡವಾಳ ಹಾಕಿ ಬಾಗಿಲು ತೆರೆದ ಮೇಲೆ ಗುಂಪುಗೂಡಿ ಮುಚ್ಚಿಸಲು ಹೊರಡುವುದು ನ್ಯಾಯವೂ ಅಲ್ಲ, ಅಹಿಂಸೆಯೂ ಅಲ್ಲ.

ವಿಕ್ರಮಶೆಟ್ಟಿ, ಚೋಳಶೆಟ್ಟಿಗಳು ತಮ್ಮ ಕಾಲದ ಪೇಟೆಯಲ್ಲಿ ಗಳಿಸಿದ ಹೆಸರು ಇಂದಿಗೂ ಬಸದಿಗಳ ರೂಪದಲ್ಲಿ ಉಳಿದಿದೆ. ಅವರ ಬೀದಿಯಲ್ಲಿ ನಾವು ವಾಸವಾಗಿದ್ದೇವೆ. ನೆರೆಯವನ ಅಂಗಡಿಯನ್ನು ಬೇಡವೆನ್ನುವ ಮೊದಲು ನಮ್ಮ ಪೆಟ್ಟಿಗೆಯಲ್ಲಿರುವ ಬಾಡಿಗೆ ಕರಾರನ್ನು ಒಮ್ಮೆ ತೆಗೆದು ಓದೋಣ. ಶ್ರಾವಕನ ಆಕ್ಷೇಪ ಅಲ್ಲಿಂದಲೇ ಆರಂಭವಾಗಲಿ.