ಕುದುರೆ ಏರಿದ ನಾಯಿಬೇಟೆ

ಸ್ವರೂಪ

ನಾಯಿಗಳನ್ನು ಮುಂದೆ ಬಿಟ್ಟು, ಬೇಟೆಗಾರರು ಕುದುರೆಯ ಮೇಲೆ ಬೆನ್ನುಹತ್ತುವ ಬೇಟೆಯೇ ನಾಯಿಬೇಟೆ. ಇಲ್ಲಿ ಪ್ರಾಣಿಯನ್ನು ಹುಡುಕುವುದೂ ಹಿಡಿಯುವುದೂ ನಾಯಿಯೇ; ಸವಾರ ಎಷ್ಟೇ ಗತ್ತಿನಿಂದ ಕುಳಿತಿರಲಿ, ಅವನ ಕೆಲಸ ಹಿಂದೆ ಬೀಳದಿರುವುದಷ್ಟೇ. 2005ರಲ್ಲಿ ನಿಷೇಧವಾಗುವವರೆಗೆ ಇಂಗ್ಲೆಂಡಿನ ಚಳಿಗಾಲದ ನರಿಬೇಟೆ ಇದರ ಪ್ರಸಿದ್ಧ ರೂಪವಾಗಿತ್ತು. ಬ್ರಿಟಿಷ್ ಅಧಿಕಾರಿಗಳು 19ನೇ ಶತಮಾನದಲ್ಲಿ ಅದನ್ನು ಊಟಿಯ ಹುಲ್ಲುಗಾವಲಿಗೂ ತಂದರು. ಕನ್ನಡ ನಾಡಿನ ನಾಯಿಬೇಟೆ ಅದಕ್ಕಿಂತ ಬಹಳ ಹಳೆಯದು.

ಬೇಟೆಯ ಕ್ರಮ

ಬೇಟೆನಾಯಿಗಳಲ್ಲಿ ಎರಡು ಬಗೆ. ಮೊದಲನೆಯದು ವಾಸನೆಯ ಜಾಡು ಹಿಡಿದು ಹಿಂಡಾಗಿ ಸಾಗುತ್ತದೆ. ತೇವವಿರುವ ತಂಪು ನೆಲದಲ್ಲಿ ವಾಸನೆ ಹೆಚ್ಚು ಹೊತ್ತು ನಿಲ್ಲುವುದರಿಂದ ಇಂಗ್ಲೆಂಡಿನಲ್ಲಿ ಚಳಿಗಾಲವೇ ಇದರ ಋತುವಾಗಿತ್ತು. ಎರಡನೆಯದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ, ವೇಗದಿಂದಲೇ ಗೆಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಈ ವರ್ಗದ್ದು: ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಬೆನ್ನಿಗಂಟಿದಂತಹ ಹೊಟ್ಟೆ, ನೀಳ ಕಾಲು.

ಔರಾದ, ಭಾಲ್ಕಿ, ಬೀದರ ಭಾಗದ ಬಯಲು ಎರಡನೆಯ ಬಗೆಗೆ ಹೇಳಿ ಮಾಡಿಸಿದ ನೆಲ. ದೂರದವರೆಗೆ ಕಣ್ಣಿಗೆ ತಡೆಯಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಗೊರಸಿಗೆ ಮೆತ್ತಿಕೊಂಡು ಕುದುರೆಯನ್ನು ಹೆಜ್ಜೆಹೆಜ್ಜೆಗೂ ತಡೆಯುತ್ತದೆ. ಚಳಿಗಾಲಕ್ಕೆ ನೆಲ ಗಟ್ಟಿಯಾಗುತ್ತದೆ. ಆದರೆ ಇಲ್ಲಿನ ಚಿಗರಿ, ಅಂದರೆ ಕೃಷ್ಣಮೃಗ, ಮುಂದೋಡಿದರೆ ನಾಯಿಗೆ ಸುಲಭವಾಗಿ ಸಿಗುವ ಪ್ರಾಣಿಯಲ್ಲ. ಅದಕ್ಕೆಂದೇ ಅರಸರು ಪಳಗಿಸಿದ ಚೀತಾಗಳನ್ನು ಗಾಡಿಯಲ್ಲಿ ಹತ್ತಿರಕ್ಕೆ ಒಯ್ದು ಬಿಡುತ್ತಿದ್ದರು. ಮೊಲ, ನರಿ, ಹಂದಿಗಳು ಮಾತ್ರ ನಾಯಿಯ ಪಾಲಾಗುತ್ತಿದ್ದವು.

ಇತಿಹಾಸ

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಈ ವಿಷಯದಲ್ಲಿ ಅಪೂರ್ವ ಸಾಕ್ಷಿ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ನಡೆಯಿತು. ಅದರಲ್ಲಿ ಮೆರೆದ ಮಣಲೇರನೆಂಬ ವೀರನಿಗೆ, ರಾಷ್ಟ್ರಕೂಟರ ಪರವಿದ್ದ ಗಂಗ ಅರಸ ಬೂತುಗ ಬೇಕಾದುದನ್ನು ಬೇಡೆಂದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಎರಡೂ ಪರಸ್ಪರ ಕಾದಾಡಿ ಒಟ್ಟಿಗೇ ಸತ್ತವು. ಕಾಳಿಗಾಗಿ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ನಾಯಿ ಹಂದಿಗಳ ಆ ಸೆಣಸಾಟದ ಕೆತ್ತನೆಯುಳ್ಳ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಷ್ಟು ದೊಡ್ಡ ಯುದ್ಧದ ಸುದ್ದಿ ನಾಯಿಯೊಂದರ ಕಲ್ಲಿನ ಮೇಲೆ ಉಳಿದುಬಂದಿರುವುದು ಗಮನಾರ್ಹ.

ಬೀದರ ಜಿಲ್ಲೆಯ ಪಾಲೂ ಸಣ್ಣದಲ್ಲ. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126–1138) ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ವಿನೋದಗಳ ಸಾಲಿನಲ್ಲಿ ನಾಯಿಗಳಿಗೊಂದು, ಬೇಟೆಗೊಂದು ಅಧ್ಯಾಯವನ್ನೇ ಮೀಸಲಿಟ್ಟ. ಬಹಮನಿ ಸುಲ್ತಾನ ಅಹಮದ್ ಷಾ (1422–1436) ಬೇಟೆಗೆ ಬಂದಾಗ ನರಿಯೊಂದು ನಾಯಿಗೇ ತಿರುಗಿಬಿತ್ತು, ಅದನ್ನು ಕಂಡು ಬೀದರನ್ನು ರಾಜಧಾನಿಗೆ ಆರಿಸಿದ ಎಂಬ ದಂತಕಥೆಯಿದೆ. ನರಿಯ ಜಾಗದಲ್ಲಿ ಮೊಲವನ್ನಿಟ್ಟರೆ ಇದೇ ವಿಜಯನಗರದ ಸ್ಥಾಪನೆಯ ಕಥೆ; ಆದ್ದರಿಂದ ಇದನ್ನು ಇತಿಹಾಸವೆಂದು ಎಣಿಸಲಾಗದು.

ಕಾನೂನು ಮತ್ತು ಇಂದಿನ ಬಳಕೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ವಿನೋದವನ್ನು ಕೊನೆಗೊಳಿಸಿತು. ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಬೆನ್ನಟ್ಟುವುದು, ಅಟ್ಟಿಕೊಂಡು ಹೋಗುವುದು, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅಪರಾಧಿಗೆ ಕನಿಷ್ಠ 3 ವರ್ಷ ಸೆರೆವಾಸ ಖಚಿತ. ಬೆಳೆಗೆ ನುಗ್ಗುವ ಚಿಗರಿಯ ಹಿಂಡನ್ನು ಕಂಡು ರೈತನಿಗೆ ಎಷ್ಟೇ ಸಿಟ್ಟು ಬಂದರೂ ನಾಯಿಯನ್ನು ಛೂ ಬಿಡುವಂತಿಲ್ಲ.

ನಾಯಿಯ ತಳಿ ಮಾತ್ರ ಉಳಿದಿದೆ. ಬೀದರಿನಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಕೇಂದ್ರದಲ್ಲಿ ಮುಧೋಳ ನಾಯಿಯನ್ನು ಸಂರಕ್ಷಿಸುತ್ತಿದೆ. 2005ರಲ್ಲಿ ಈ ತಳಿಯ ಅಂಚೆಚೀಟಿ ಬಂದಿತು. ಹೊಲಮನೆಗಳ ಕಾವಲಿಗೂ ಸೇನೆಯ ತರಬೇತಿಗೂ ಇದೇ ನಾಯಿ ಆಯ್ಕೆಯಾಗಿದೆ.