ಕಾಯಿದೆಯ ಮಾತು, ಸಾಕ್ಷ್ಯದ ಮಾತು

ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನು 1616ರಲ್ಲಿ ತನ್ನ ಮುಖ್ಯ ನ್ಯಾಯಾಧೀಶ ಸರ್ ಎಡ್ವರ್ಡ್ ಕೋಕನನ್ನು ಪದವಿಯಿಂದ ಇಳಿಸಿದನು. ವಿಚಾರಣೆಯಲ್ಲಿರುವ ವ್ಯಾಜ್ಯವನ್ನು ದೊರೆಯ ಅಪ್ಪಣೆಯಾದಾಗ ತಡೆಹಿಡಿಯುವಿರಾ ಎಂದು ಕೇಳಿದ್ದಕ್ಕೆ ಇತರ ನ್ಯಾಯಾಧೀಶರು ತಲೆಬಾಗಿದ್ದರು. ಅಂಥ ಸಂದರ್ಭ ಬಂದಾಗ ನ್ಯಾಯಾಧೀಶನಿಗೆ ತಕ್ಕುದನ್ನು ಮಾಡುವೆನೆಂದಷ್ಟೇ ಕೋಕ್ ಉತ್ತರಿಸಿದ್ದನು. ನ್ಯಾಯಾಧೀಶರ ಪದವಿಯು ದೊರೆಯ ಮರ್ಜಿಯ ಮೇಲೆ ನಿಂತಿರಬಾರದೆಂಬುದು ಕಾಯಿದೆಯಾಗಲು 1701ರವರೆಗೆ ಕಾಯಬೇಕಾಯಿತು. ಸನ್ನಡತೆ ಇರುವವರೆಗೂ ನ್ಯಾಯಾಧೀಶನು ಪೀಠದಲ್ಲಿರತಕ್ಕದ್ದು, ಸಂಸತ್ತಿನ ಎರಡೂ ಸದನಗಳು ಕೋರಿದಲ್ಲಿ ಮಾತ್ರ ಅವನನ್ನು ತೆಗೆಯಬಹುದು ಎಂದು ಆ ವರ್ಷದ ಉತ್ತರಾಧಿಕಾರ ಕಾಯಿದೆ ವಿಧಿಸಿತು.

ಹೀಗೆ ದೊರೆಯ ಅಂಕೆಯಿಂದ ಬಿಡುಗಡೆ ದೊರಕಿತು. ಆದರೆ ಅಲ್ಲಿ ಸಂಸತ್ತೇ ಪರಮಾಧಿಕಾರಿ. ನ್ಯಾಯಾಲಯವು ಸಾಕ್ಷ್ಯವನ್ನು ತೂಗಿ ಹಾಗಿಲ್ಲವೆಂದು ಕಂಡದ್ದನ್ನು ಸಂಸತ್ತು ಹಾಗಿದೆಯೆಂದು ಕಾಯಿದೆ ಮಾಡಬಹುದೇ ಎಂಬ ಪ್ರಶ್ನೆ ತೀರ ಈಚೆಗೆ, ರಬ್ಬರು ದೋಣಿಗಳಲ್ಲಿ ಕಡಲು ದಾಟಿ ಬಂದ ಪರದೇಶಿಗಳ ನಿಮಿತ್ತವಾಗಿ, ಮೊನಚಾಗಿ ಎದ್ದುನಿಂತಿತು.

ಎರಡನೆಯ ಮಹಾಯುದ್ಧದ ತರುವಾಯ ಬ್ರಿಟನ್ ಎರಡು ಒಡಂಬಡಿಕೆಗಳಿಗೆ ಒಳಪಟ್ಟಿತ್ತು. 1950ರಲ್ಲಿ ರೋಮಿನಲ್ಲಿ ಸಹಿಯಾದ ಯೂರೋಪಿನ ಮಾನವ ಹಕ್ಕುಗಳ ಒಡಂಬಡಿಕೆ ಒಂದು. 1951ರಲ್ಲಿ ಜಿನೀವಾದಲ್ಲಿ ಆದ ನಿರಾಶ್ರಿತರ ಒಡಂಬಡಿಕೆ ಇನ್ನೊಂದು. ಮರೆಹೊಕ್ಕವನನ್ನು ಅವನ ಪ್ರಾಣಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ನೆಲಕ್ಕೆ ಹಿಂದಟ್ಟಬಾರದೆಂಬುದು ಎರಡನೆಯದರ 33ನೆಯ ವಿಧಿಯ ಸಾರ. ಮೂರನೆಯ ದೇಶವೊಂದರ ಮೂಲಕ ಸುತ್ತುಬಳಸಿ ಅಟ್ಟುವುದೂ ಈ ನಿಷೇಧಕ್ಕೆ ಒಳಪಟ್ಟಿದೆ.

ಮೊದಲನೆಯ ಒಡಂಬಡಿಕೆಯ ಬಿಗಿ ಎಷ್ಟೆಂಬುದು ಭಾರತೀಯನೊಬ್ಬನ ಮೊಕದ್ದಮೆಯಲ್ಲಿ ಹೊರಬಿದ್ದಿತು. ರಾಷ್ಟ್ರದ ಭದ್ರತೆಗೆ ಅಪಾಯಕಾರಿಯೆಂದು ಬ್ರಿಟನ್ ಗಡೀಪಾರು ಮಾಡಹೊರಟ ಸಿಖ್ಖನೊಬ್ಬನು 1990ರಿಂದ ಆರು ವರ್ಷಕ್ಕೂ ಮೇಲ್ಪಟ್ಟು ಸೆರೆಯಲ್ಲಿದ್ದನು. ಭದ್ರತೆಯ ಆರೋಪದ ಬಗ್ಗೆ ಅವನ ಅಹವಾಲು ಕೇಳಿದ್ದು ಒಂದು ಸಲಹಾ ಮಂಡಲಿ. ಅಲ್ಲಿ ಅವನ ಪರ ವಕೀಲರಿಗೆ ಅವಕಾಶವಿರಲಿಲ್ಲ. ಮಂಡಲಿಯು ಮಂತ್ರಿಗೆ ಕೊಟ್ಟ ಸಲಹೆ ಏನೆಂಬುದನ್ನೂ ಅವನಿಗೆ ತಿಳಿಸಲಿಲ್ಲ. 1996ರ ನವೆಂಬರ್ 15ರಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯವು, ಆರೋಪ ಏನೇ ಇರಲಿ, ಚಿತ್ರಹಿಂಸೆಯ ನಿಜವಾದ ಅಪಾಯವಿರುವಾಗ ಅವನನ್ನು ಕಳುಹಿಸಕೂಡದೆಂದು 12ಕ್ಕೆ 7 ಮತಗಳಿಂದ ತೀರ್ಪಿತ್ತಿತು. ಅಂಥ ಮಂಡಲಿಯನ್ನು ನ್ಯಾಯಾಲಯವೆನ್ನಲಾಗದೆಂದೂ ಹೇಳಿತು. ಮರುವರ್ಷವೇ ಬ್ರಿಟನ್ ಇಂಥ ಪ್ರಕರಣಗಳಿಗಾಗಿ ವಿಶೇಷ ಮೇಲ್ಮನವಿ ಆಯೋಗದ ಕಾಯಿದೆಯನ್ನು ಮಾಡಿತು.

ಇದಾಗಿ ಕಾಲು ಶತಮಾನದ ಮೇಲೆ, 2022ರ ಏಪ್ರಿಲ್ 14ರಂದು, ಬ್ರಿಟನ್ ಸರಕಾರವು ಆಫ್ರಿಕದ ರುವಾಂಡಾದೊಡನೆ ಒಪ್ಪಂದವನ್ನು ಪ್ರಕಟಿಸಿತು. ಅನುಮತಿಯಿಲ್ಲದೆ ಬಂದು ಆಶ್ರಯ ಕೋರಿದವರನ್ನು ರುವಾಂಡಾಕ್ಕೆ ಸಾಗಿಸುವುದು, ಅವರ ಅರ್ಜಿಯನ್ನು ಆ ದೇಶವೇ ವಿಚಾರಿಸುವುದು, ಮಂಜೂರಾದರೂ ಅವರು ಅಲ್ಲಿಯೇ ನೆಲಸುವುದು ಅದರ ತಿರುಳು. ಸರಕಾರದ ಸಂಕಟ ಕಲ್ಪಿತವಾದುದಲ್ಲ. ಆ ಒಂದೇ ವರ್ಷ 45 ಸಾವಿರಕ್ಕೂ ಹೆಚ್ಚು ಜನ ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದರು. ಹಿಂದಿನ ನವೆಂಬರಿನಲ್ಲಿ ಒಂದೇ ದೋಣಿಯ ದುರಂತದಲ್ಲಿ ಕಡಿಮೆಯೆಂದರೂ 27 ಮಂದಿ ಸತ್ತಿದ್ದರು. ಹಣ ಕೀಳುವ ಸಾಗಣೆಗಾರರ ಜಾಲವನ್ನು ಮುರಿಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಜೂನ್ 14ರ ಮೊದಲ ವಿಮಾನವು ಸ್ಟ್ರಾಸ್‌ಬರ್ಗಿನ ಮಧ್ಯಂತರ ಆದೇಶದಿಂದಾಗಿ ನಿಂತಿತು. ಡಿಸೆಂಬರಿನಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯವು ಯೋಜನೆ ಕಾಯಿದೆಬದ್ಧವೆಂದು ಸರಕಾರದ ಪರವಾಗಿ ತೀರ್ಪಿತ್ತಿತು. 2023ರ ಜೂನ್ 29ರಂದು ಮೇಲ್ಮನವಿ ನ್ಯಾಯಾಲಯವು ಇಬ್ಬರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಸರಕಾರದ ಪರ ನಿಂತ ಮೂರನೆಯವರು ಸ್ವತಃ ಮುಖ್ಯ ನ್ಯಾಯಾಧೀಶರು. ನ್ಯಾಯಾಂಗದ ಸ್ವಾತಂತ್ರ್ಯವೆಂದರೆ ಸರಕಾರದ ವಿರುದ್ಧ ತೀರ್ಪು ಕೊಡುವುದೆಂದು ಬಗೆದವರು ಈ ಭಿನ್ನತೆಯನ್ನು ಗಮನಿಸಬೇಕು.

ನವೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ಲಾರ್ಡ್ ರೀಡ್ ಅವರ ಅಧ್ಯಕ್ಷತೆಯಲ್ಲಿ ಒಮ್ಮತದ ತೀರ್ಪು ನೀಡಿದರು. ಮೂರನೆಯ ದೇಶಕ್ಕೆ ಕಳುಹಿಸುವುದೇ ತಪ್ಪೆಂದು ಅವರು ಹೇಳಲಿಲ್ಲ. ರುವಾಂಡಾಕ್ಕೆ ಹೋದವನು ಅಲ್ಲಿಂದ ತಾನು ಓಡಿಬಂದ ನಾಡಿಗೇ ತಳ್ಳಲ್ಪಡುವ ಅಪಾಯವಿದೆಯೇ ಎಂಬುದಷ್ಟೇ ಅವರು ವಿಚಾರಿಸಿದ ಪ್ರಶ್ನೆ. ಆಫ್ಘಾನಿಸ್ತಾನ, ಸಿರಿಯ, ಯೆಮನ್ ದೇಶದವರ ಅರ್ಜಿಗಳನ್ನು ರುವಾಂಡಾ 2020ರಿಂದ 2022ರ ಅವಧಿಯಲ್ಲಿ ನೂರಕ್ಕೆ ನೂರು ತಿರಸ್ಕರಿಸಿತ್ತು. ಇಸ್ರೇಲಿನೊಡನೆ ಹಿಂದೆ ಮಾಡಿಕೊಂಡ ಇಂಥದೇ ಒಪ್ಪಂದದಲ್ಲಿ ಕೊಟ್ಟ ಭರವಸೆ ಉಳಿದಿರಲಿಲ್ಲ. ಬಂದವರನ್ನು ಗುಟ್ಟಾಗಿ ಉಗಾಂಡಾಕ್ಕೆ ದಾಟಿಸಲಾಗಿತ್ತು. ಪಡಿತರ ಕಡಿತವನ್ನು ಪ್ರತಿಭಟಿಸಿದ ನಿರಾಶ್ರಿತರ ಮೇಲೆ 2018ರಲ್ಲಿ ಪೊಲೀಸರು ಗುಂಡು ಹಾರಿಸಿ ಕನಿಷ್ಠ 12 ಮಂದಿಯನ್ನು ಕೊಂದಿದ್ದರು. ಇವೆಲ್ಲವನ್ನೂ ತೂಗಿ, ಅಪಾಯವಿದೆಯೆಂದು ಪೀಠವು ನಿರ್ಣಯಿಸಿತು.

ಸರಕಾರವು ಡಿಸೆಂಬರಿನಲ್ಲಿ ರುವಾಂಡಾದೊಡನೆ ಹೊಸ ಕೌಲಿಗೆ ಸಹಿ ಹಾಕಿ, ಎರಡೇ ದಿನಗಳಲ್ಲಿ ವಿಧೇಯಕವನ್ನು ಮಂಡಿಸಿತು. ರುವಾಂಡಾ ಸುರಕ್ಷಿತ ದೇಶವೆಂದು ಪ್ರತಿಯೊಬ್ಬ ಅಧಿಕಾರಿಯೂ, ಪ್ರತಿಯೊಂದು ನ್ಯಾಯಾಲಯವೂ ನಿರ್ಣಾಯಕವಾಗಿ ಪರಿಗಣಿಸತಕ್ಕದ್ದೆಂದು ಅದರ ಎರಡನೆಯ ಕಲಮು. ಸ್ಟ್ರಾಸ್‌ಬರ್ಗಿನ ಮಧ್ಯಂತರ ಆದೇಶವನ್ನು ಪಾಲಿಸುವುದೂ ಬಿಡುವುದೂ ಮಂತ್ರಿಯ ವಿವೇಚನೆ ಎಂದು ಐದನೆಯದು. ವ್ಯಕ್ತಿಯೊಬ್ಬನಿಗೆ ವಿಶೇಷವಾದ ಅಪಾಯವಿದೆಯೆಂಬ ಪ್ರಬಲ ಸಾಕ್ಷ್ಯಕ್ಕೆ ಮಾತ್ರ ಕಿರಿದಾದ ಕಿಂಡಿಯೊಂದನ್ನು ಉಳಿಸಲಾಗಿತ್ತು. ಹೊಸ ಕೌಲು ಪರಿಸ್ಥಿತಿಯನ್ನು ಸುಧಾರಿಸಿದೆಯೆಂದು ಸರಕಾರ ವಾದಿಸಿತು. ಅದು ನಿಜವೇ ಇದ್ದಿದ್ದರೆ ನ್ಯಾಯಾಲಯದ ಮುಂದೆ ಸಾಕ್ಷ್ಯವನ್ನಿಟ್ಟು ತೋರಿಸಬಹುದಿತ್ತು. ತಕ್ಕಡಿಯ ಮುಳ್ಳನ್ನು ಬೆರಳಿನಿಂದ ಒತ್ತಿ ಹಿಡಿದು ತೂಕ ಸರಿಯಾಗಿದೆಯೆನ್ನುವ ಅಂಗಡಿಯನ್ನು ಗಿರಾಕಿ ನಂಬುವುದಿಲ್ಲ.

ಮೇಲ್ಮನೆಯಲ್ಲಿ ಪ್ರತಿರೋಧ ಗಟ್ಟಿಯಾಗಿತ್ತು. ಹಿಂದೆ ಸರ್ವೋಚ್ಚ ನ್ಯಾಯಾಲಯದ ಉಪಾಧ್ಯಕ್ಷರಾಗಿದ್ದ ಲಾರ್ಡ್ ಹೋಪ್ ಅವರು, ಕೌಲಿನ ಷರತ್ತುಗಳು ಜಾರಿಯಾದುವೆಂದು ಸ್ವತಂತ್ರ ಮೇಲ್ವಿಚಾರಣಾ ಸಮಿತಿ ಹೇಳುವವರೆಗೆ ಆ ದೇಶವನ್ನು ಸುರಕ್ಷಿತವೆನ್ನಬಾರದೆಂದು ತಿದ್ದುಪಡಿ ತಂದರು. ಕೆಳಮನೆ ಅದನ್ನು ಮತ್ತೆ ಮತ್ತೆ ತಳ್ಳಿತು. 2024ರ ಏಪ್ರಿಲ್ 22ರ ರಾತ್ರಿ ಮೇಲ್ಮನೆ ಮಣಿಯಿತು. 25ರಂದು ದೊರೆಯ ಅಂಕಿತ ಬಿದ್ದಿತು.

ಜುಲೈ 4ರ ಚುನಾವಣೆಯಲ್ಲಿ ಸರಕಾರವೇ ಬಿದ್ದುಹೋಯಿತು. ಹೊಸ ಪ್ರಧಾನಿ ಕೀರ್ ಸ್ಟಾರ್ಮರ್ ಅಧಿಕಾರಕ್ಕೆ ಬಂದ ಮರುದಿನವೇ ಯೋಜನೆಯನ್ನು ಕೈಬಿಟ್ಟರು. ಆ ತಿಂಗಳು ಗೃಹಮಂತ್ರಿಣಿ ಯಿವೆಟ್ ಕೂಪರ್ ಸಂಸತ್ತಿಗೆ ಒಪ್ಪಿಸಿದ ಲೆಕ್ಕದಂತೆ ಆದ ಖರ್ಚು 70 ಕೋಟಿ ಪೌಂಡು. ಅದರಲ್ಲಿ ರುವಾಂಡಾಕ್ಕೆ ಸಂದದ್ದು 29 ಕೋಟಿ. ಬಲವಂತವಾಗಿ ಒಬ್ಬನನ್ನೂ ಸಾಗಿಸಲಾಗಲಿಲ್ಲ. ತಾವಾಗಿಯೇ ಒಪ್ಪಿ ಹೋದವರು ನಾಲ್ವರು.