ಹಸಿ ಜೋಳ ಚೀಲಕ್ಕೆ ತುಂಬೋ ಮುಂಚೆ ಓದಿ: ಬೂಷ್ಟಿನ ವಿಷ ಆಮೇಲೆ ಒಣಗಿಸಿದ್ರೂ ಹೋಗಲ್ಲ

ಹಾಸನ: ಮುಂಗಾರಲ್ಲಿ ಬಿತ್ತಿದ ಮುಸುಕಿನ ಜೋಳ ಕಟಾವಿಗೆ ಬರೋದು ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. ಸರಿಯಾಗಿ ಅದೇ ಹೊತ್ತಿಗೆ ಹಿಂಗಾರು ಮಳೆ, ಮೋಡ. ಅರಕಲಗೂಡು, ಹೊಳೆನರಸೀಪುರ ಕಡೆ ರಸ್ತೆ ಬದಿ ಹರವಿದ ಜೋಳಕ್ಕೆ ಟಾರ್ಪಾಲು ಮುಚ್ಚೋದು, ತೆಗೆಯೋದೇ ಕೆಲಸ ಆಗುತ್ತೆ. ಮುಗ್ಗಿದ ಜೋಳಕ್ಕೆ ರೇಟು ಇಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದ್ರೆ ಅದರೊಳಗೆ ಕಣ್ಣಿಗೆ ಕಾಣದ ವಿಷ ಸೇರಿರಬಹುದು ಅನ್ನೋದನ್ನ ತುಂಬಾ ಜನ ಲೆಕ್ಕಕ್ಕೇ ತಗೊಳ್ಳಲ್ಲ.

ಯಾವ ವಿಷ?

ಕಾಳಿನ ಮೇಲೆ ಹಳದಿ ಮಿಶ್ರಿತ ಹಸಿರು ಬೂಷ್ಟು ಕಂಡರೆ ಅದು ಆಸ್ಪರ್ಜಿಲಸ್ ಅನ್ನೋ ಶಿಲೀಂಧ್ರ ಇರಬಹುದು. ಅದು ತಯಾರಿಸೋ ವಿಷದ ಹೆಸರು ಅಫ್ಲಾಟಾಕ್ಸಿನ್. ಪೆಟ್ಟು ಬೀಳೋದು ಲಿವರ್‌ಗೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಹೊಟ್ಟೆಗೆ ಹೋದ್ರೆ ಲಿವರ್ ಕ್ಯಾನ್ಸರ್‌ಗೂ ಕಾರಣ ಆಗುತ್ತೆ. ಇನ್ನೊಂದು ಫ್ಯುಸೇರಿಯಂ. ಇದು ಹೊಲದಲ್ಲೇ ತೆನೆಗೆ ಹತ್ತುತ್ತೆ, ಬಿಳಿ ಅಥವಾ ಗುಲಾಬಿ ಬಣ್ಣ. ಇದರ ವಿಷ ಫ್ಯುಮೊನಿಸಿನ್.

ತೇವಾಂಶ, ಬಿಸಿ: ಎರಡೂ ಸೇರಿದಾಗ

ಜೋಳದಲ್ಲಿ ತೇವಾಂಶ ಶೇ 14ಕ್ಕಿಂತ ಕಡಿಮೆ ಇದ್ರೆ ಬೂಷ್ಟು ಬೆಳೆಯೋದು ಕಷ್ಟ. 16 ದಾಟಿದ್ರೆ ದಾರಿ ಸಿಕ್ಕಂತೆ, 18ರ ಮೇಲೆ ಹೋದ್ರೆ ಜೋರು. ಬಿಸಿ 25ರಿಂದ 32 ಡಿಗ್ರಿ ಇದ್ರೆ ಅಫ್ಲಾಟಾಕ್ಸಿನ್ ಚೆನ್ನಾಗಿ ತಯಾರಾಗುತ್ತೆ. ಕಟಾವಿನ ಟೈಮಲ್ಲಿ ನಮ್ಮ ಕಡೆ ಹಗಲಿನ ವಾತಾವರಣ ಹೆಚ್ಚುಕಡಿಮೆ ಇಷ್ಟೇ.

ಚೀಲದೊಳಗೆ ಆಗೋದು ಬೇರೆ ಕಥೆ. ಹಸಿ ಕಾಳು ಉಸಿರಾಡುತ್ತೆ. ಆ ಉಸಿರಿನಿಂದ ಬಿಸಿ, ನೀರು ಎರಡೂ ಹೊರಬರುತ್ತೆ. ಹಸಿ ಜೋಳದ ರಾಶಿಗೆ ಕೈ ಹಾಕಿದ್ರೆ ಬೆಚ್ಚಗಿರೋದು ಇದಕ್ಕೇ. ರಾತ್ರಿ ತಣ್ಣಗಾದಾಗ ಟಾರ್ಪಾಲಿನ ಒಳಗಡೆ ಬೆವರು ಕೂತು ಮೇಲಿನ ಕಾಳಿನ ಮೇಲೇ ತೊಟ್ಟಿಕ್ಕುತ್ತೆ. ಹೀಗೆ ಒಂದು ಮೂಲೆಯಲ್ಲಿ ಶುರುವಾಗಿದ್ದು ಇಡೀ ರಾಶಿಗೆ ಹಬ್ಬುತ್ತೆ. ಮುರಿದ ಕಾಳು, ಹುಳ ಕೊರೆದ ಕಾಳಿಗೆ ಮೊದಲು ಹತ್ತುತ್ತೆ.

ಆಮೇಲೆ ಬಿಸಿಲಿಗೆ ಹಾಕಿದ್ರೆ ಬೂಷ್ಟು ಬೆಳೆಯೋದು ನಿಲ್ಲುತ್ತೆ, ಆದ್ರೆ ಅಷ್ಟರಲ್ಲಿ ತಯಾರಾದ ವಿಷ ಕಾಳಲ್ಲೇ ಉಳಿಯುತ್ತೆ. ತೊಳೆದು, ಒರೆಸಿ, ಬೇಯಿಸಿದ್ರೂ ಪೂರ್ತಿ ಹೋಗಲ್ಲ.

ನಡೆದಿರೋ ಘಟನೆಗಳು

1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು 397 ಜನ ಕಾಮಾಲೆಗೆ ತುತ್ತಾದ್ರು, 106 ಜನ ಸತ್ತರು. 1995ರಲ್ಲಿ ದಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಬಿಳಿಜೋಳ, ಮುಸುಕಿನ ಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯ್ತು. ಕಾರಣ ಫ್ಯುಮೊನಿಸಿನ್. ಆ ಕಾಳು ತಿನ್ನೋದು ಬಿಟ್ಟ ಮೇಲೆ ಗುಣವಾದ್ರು.

ಹಸುವಿಗೆ ಹಾಕಿದ್ರೆ?

ಮಾರೋಕಾಗದ ಜೋಳ ಹಸುವಿಗೆ, ಕೋಳಿಗೆ ಹೋಗೋದು ರೂಢಿ. ಅಪಾಯ ಇರೋದೇ ಇಲ್ಲಿ. ಹಸು ತಿಂದ ಅಫ್ಲಾಟಾಕ್ಸಿನ್‌ನಲ್ಲಿ ಸ್ವಲ್ಪ ಭಾಗ ರೂಪ ಬದಲಿಸಿ, ಒಂದೇ ದಿನದಲ್ಲಿ ಹಾಲಿಗೆ ಬರುತ್ತೆ. ಹಾಲು ಕಾಯಿಸಿದ್ರೂ ಹೋಗಲ್ಲ. ಡೇರಿಗೆ ಹಾಕೋ ಹಾಲು ಅದೇ, ಮನೆ ಮಕ್ಕಳು ಕುಡಿಯೋದೂ ಅದೇ. ಎಫ್‌ಎಸ್‌ಎಸ್‌ಎಐ ಮಿತಿ ಧಾನ್ಯಕ್ಕೆ ಕೆಜಿಗೆ 15 ಮೈಕ್ರೋಗ್ರಾಂ, ಹಾಲಿಗೆ 0.5. ಅಂದ್ರೆ 10 ಟನ್ ಲಾರಿ ಲೋಡ್ ಜೋಳದಲ್ಲಿ 0.15 ಗ್ರಾಂಗಿಂತ ಜಾಸ್ತಿ ಇರಬಾರದು.

ಏನು ಮಾಡಬೇಕು?

* ಕಿತ್ತ ತೆನೆಯನ್ನ ರಾಶಿ ಹಾಕಿ ಬಿಡಬೇಡಿ. ಅವತ್ತೇ ತೆಳ್ಳಗೆ ಹರವಿ. ಬರೀ ಮಣ್ಣಿನ ಮೇಲೆ ಬೇಡ, ಕಣ ಅಥವಾ ಟಾರ್ಪಾಲಿನ ಮೇಲೆ.
* ಮೀಟರ್ ಇಲ್ಲದಿದ್ರೆ ಉಪ್ಪಿನ ಪರೀಕ್ಷೆ: ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದ್ರೆ ತೇವಾಂಶ 15ರ ಮೇಲಿದೆ, ಇನ್ನೂ ಒಣಗಬೇಕು.
* ಚೀಲ ನೆಲಕ್ಕೆ, ಗೋಡೆಗೆ ತಾಗಬಾರದು. ಕೆಳಗೆ ಮರದ ಹಲಗೆ ಇರಲಿ.
* ಬೂಷ್ಟು ಹಿಡಿದ ಕಾಳನ್ನ ಒಳ್ಳೇದರ ಜೊತೆ ಬೆರೆಸಬೇಡಿ, ದನಕ್ಕೂ ಹಾಕಬೇಡಿ.
* ಚನ್ನರಾಯಪಟ್ಟಣ ಕಡೆಯವರು ಗಮನಿಸಿ: ರಾಗಿ ಶೇ 12ಕ್ಕೆ, ಕೊಬ್ಬರಿ 6–7ಕ್ಕೆ ಒಣಗಿರಬೇಕು.

ಅಂಗಡಿ, ಮಂಡಿಯವರಿಗೆ

ಶೇ 20 ತೇವಾಂಶದ ಒಂದು ಕ್ವಿಂಟಾಲ್ ಜೋಳವನ್ನ 14ಕ್ಕೆ ಇಳಿಸಿದ್ರೆ ಉಳಿಯೋದು 93 ಕೆಜಿ. ಆ 7 ಕೆಜಿ ನೀರಿನ ತೂಕಕ್ಕೇ ರೈತ ಅರೆಹಸಿ ಮಾಲು ತರೋದು. ಒಣಗಿದ್ದಕ್ಕೂ ಹಸಿದಕ್ಕೂ ಒಂದೇ ರೇಟು ಕೊಟ್ರೆ ಯಾರು ತಾನೇ ಒಣಗಿಸ್ತಾರೆ? ರೈತನ ಎದುರೇ ಮೀಟರ್ ಇಟ್ಟು ನೋಡಿ, ಒಣ ಮಾಲಿಗೆ ನಾಲ್ಕು ಕಾಸು ಜಾಸ್ತಿ ಕೊಡಿ. ಇಲ್ಲದಿದ್ರೆ ಆ ಚೀಲ ಬಿಸಿಯಾಗೋದು ನಿಮ್ಮ ಗೋಡೌನಲ್ಲೇ.

ಹೆಚ್ಚಿನ ಮಾಹಿತಿಗೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.